ಹೊಸ ಸೋರ್ಸ್ ಸೇರಿಸಿದಾಗ ಒಬ್ಬರೇ ರೈತರು ಎರಡು ಸಲ ಬಂದರೆ ಏನು ಮಾಡಬೇಕು?

ರೈತರ ಮಾಸ್ಟರ್ ಪಟ್ಟಿಗೆ ಗೊಬ್ಬರದ ಅಂಗಡಿಯ ಬಿಲ್ಲಿಂಗ್ ಡೇಟಾ ಸೇರಿಸಬೇಕು, ಹೆಸರು, ಊರು, ಮೊಬೈಲ್ ಮೂರೂ ಹೊಂದಿದರೆ ಸೀದಾ ಮರ್ಜ್ (ಎರಡನ್ನೂ ಒಂದೇ ರೆಕಾರ್ಡ್) ಮಾಡಬಹುದಾ ಅಂತ ಕೇಳಿದ್ದೀರಿ. ಬೇಡ. ನಾನು ಚಿಂತಾಮಣಿ ಕಡೆ ಇದೇ ಕೆಲಸ ಮಾಡುವವನು. ಇಲ್ಲಿ ತಾತನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ, ಮನೆಗೆಲ್ಲ ಒಂದೇ ಮೊಬೈಲ್ ನಂಬರ್ ಕೊಡುತ್ತಾರೆ. ಮೂರೂ ಹೊಂದುತ್ತವೆ, ಆದರೆ ಜನ ಇಬ್ಬರು. ಹುಟ್ಟಿದ ದಿನ ನೋಡೋಣ ಅಂದರೆ, ವಯಸ್ಸಾದವರಲ್ಲಿ ಎಷ್ಟೋ ಜನ ದಾಖಲೆಯ ಪ್ರಕಾರ ಜನವರಿ 1ಕ್ಕೇ ಹುಟ್ಟಿರುತ್ತಾರೆ!

ಹೊಸ ಡೇಟಾವನ್ನು ಮೊದಲು ಬೇರೆ ಟೇಬಲ್‌ಗೆ ಹಾಕಿಕೊಳ್ಳಿ. ಅದರೊಳಗಿನ ಡೂಪ್ಲಿಕೇಟ್‌ಗಳನ್ನೇ ಮೊದಲು ಹುಡುಕಿ. ಅಂಗಡಿಯವರು ಅವಸರದಲ್ಲಿ ಹಳೇ ಗಿರಾಕಿಗೇ ಹೊಸ ಖಾತೆ ತೆರೆದಿರುತ್ತಾರೆ.

ಆಮೇಲೆ ವಿಳಾಸ. ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾಗಿದ್ದು 2007ರಲ್ಲಿ. ಅದಕ್ಕೂ ಹಿಂದಿನ ದಾಖಲೆಯಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಎಲ್ಲವೂ ಕೋಲಾರ ಜಿಲ್ಲೆಯೇ. ಜಿಲ್ಲೆ ಬೇರೆ ಅಂತ ಕಂಪ್ಯೂಟರ್ ಒಬ್ಬರನ್ನೇ ಇಬ್ಬರು ಮಾಡಿಬಿಡುತ್ತದೆ. ಹಾಗಾಗಿ ಜಿಲ್ಲೆಯ ಕಾಲಮ್ ನಂಬಬೇಡಿ, ತಾಲ್ಲೂಕು ನೋಡಿ ನೀವೇ ತುಂಬಿ. ಹೆಸರಿನ ಇನಿಷಿಯಲ್ ಮುಂದೆ ಇದ್ದರೂ ಹಿಂದೆ ಇದ್ದರೂ ತೆಗೆದು ಬೇರೆ ಕಾಲಮ್‌ಗೆ ಹಾಕಿ. ಸೌಂಡೆಕ್ಸ್ (ಒಂದೇ ಥರ ಕೇಳಿಸುವ ಹೆಸರುಗಳಿಗೆ ಒಂದೇ ಕೋಡ್ ಕೊಡುವ ವಿಧಾನ) ಬಳಸಿ ಅಂತ ಯಾರಾದರೂ ಹೇಳಬಹುದು. ಅದು 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದದ್ದು, ಇಂಗ್ಲಿಷ್ ಉಚ್ಚಾರಣೆಗೆ ಮಾಡಿದ್ದು. ಮೊದಲ ಅಕ್ಷರದ ಜೊತೆ ಮೂರೇ ಅಂಕಿ ಇಟ್ಟುಕೊಳ್ಳುತ್ತದೆ. ವೆಂಕಟರಮಣಪ್ಪ, ವೆಂಕಟೇಶಪ್ಪ ಇಬ್ಬರಿಗೂ ಒಂದೇ ಕೋಡ್ ಬರುತ್ತದೆ. ನಮ್ಮ ಉದ್ದುದ್ದ ಹೆಸರಿಗೆ ಅದು ಸಾಲದು.

ಎಲ್ಲರನ್ನೂ ಎಲ್ಲರ ಜೊತೆ ಹೋಲಿಸಲು ಹೋಗಬೇಡಿ. ಹಳೆಯದು 20,000, ಹೊಸದು 5,000 ಇದ್ದರೆ 10 ಕೋಟಿ ಜೋಡಿಯಾಗುತ್ತದೆ. ಒಂದೇ ತಾಲ್ಲೂಕಿನವರನ್ನು ಒಂದು ಸಲ, ಒಂದೇ ಮೊಬೈಲ್ ಇರುವವರನ್ನು ಇನ್ನೊಂದು ಸಲ ಹೋಲಿಸಿದರೆ ಸಾಕು.

ಪ್ರತಿ ಜೋಡಿಗೂ ಎಷ್ಟು ಹೊಂದುತ್ತದೆ ಅಂತ ಅಂಕ ಕೊಟ್ಟು ಮೂರು ಗುಂಪು ಮಾಡಿ: ಖಂಡಿತ ಒಬ್ಬರೇ, ಖಂಡಿತ ಬೇರೆ, ಅನುಮಾನ. ಫೆಲೆಗಿ ಮತ್ತು ಸಂಟರ್ ಎಂಬ ಸಂಖ್ಯಾಶಾಸ್ತ್ರಜ್ಞರು 1969ರಲ್ಲೇ ಹೇಳಿದ ದಾರಿ ಇದು, ಈಗಲೂ ನಡೆಯುತ್ತಿದೆ. ಅನುಮಾನದ ಗುಂಪನ್ನು ಮನುಷ್ಯರೇ ನೋಡಬೇಕು, ಅದೂ ಊರು ಗೊತ್ತಿರುವವರು. ತಂದೆಯ ಹೆಸರು, ಸರ್ವೆ ನಂಬರ್ ಎದುರಿಗಿದ್ದರೆ ಅವರು ಥಟ್ಟನೆ ಹೇಳುತ್ತಾರೆ. ಡೂಪ್ಲಿಕೇಟ್ ಉಳಿದರೆ ಆಮೇಲೂ ಸೇರಿಸಬಹುದು. ತಪ್ಪಾಗಿ ಸೇರಿಸಿದರೆ ತಾತನ ದುಡ್ಡು ಮೊಮ್ಮಗನ ಖಾತೆಗೆ ಹೋಗುತ್ತದೆ, ಮನೆಯಲ್ಲಿ ಜಗಳ ಬೇರೆ.

ಮರ್ಜ್ ಆದರೂ ಹಳೇ ರೆಕಾರ್ಡ್ ಅಳಿಸಬೇಡಿ. ಎರಡೂ ಸೋರ್ಸ್‌ನ ಐಡಿಗಳನ್ನು ಮಾಸ್ಟರ್ ಐಡಿಗೆ ಕಟ್ಟಿಡಿ, ನಾಳೆ ಬಿಡಿಸಬೇಕಾದೀತು. ಮೊಬೈಲ್ ಯಾವ ಸೋರ್ಸ್‌ನದು, ಬ್ಯಾಂಕ್ ಖಾತೆ ಯಾವುದರದು ಉಳಿಯಬೇಕು ಅನ್ನೋದನ್ನು ಕಾಲಮ್‌ವಾರು ಮೊದಲೇ ತೀರ್ಮಾನಿಸಿ. ಇನ್ನೊಂದು, ತುಂಬಾ ಜನ ಮರೆಯುವುದು: ‘ಇವರಿಬ್ಬರೂ ಬೇರೆ’ ಎಂಬ ತೀರ್ಮಾನವನ್ನೂ ಸೇವ್ ಮಾಡಿ. ಇಲ್ಲದಿದ್ದರೆ ಮುಂದಿನ ಲೋಡ್‌ನಲ್ಲಿ ಅದೇ ತಾತ ಮೊಮ್ಮಗ ಮತ್ತೆ ಅನುಮಾನದ ಗುಂಪಿಗೆ ಬಂದು ಕೂರುತ್ತಾರೆ.