ಕೊಂಡ ದಿನವೇ ಬರೆದಿಟ್ಟ ದರ: ಸಂಪಾದಕರ ಉತ್ತರ

ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಓದುಗರೊಬ್ಬರು ಬರೆಯುತ್ತಾರೆ: "ಎರಡು ವರ್ಷಗಳಿಂದ ನಿಫ್ಟಿ ಆಪ್ಷನ್ (ಷೇರು ಸೂಚ್ಯಂಕ ನಿಫ್ಟಿ ಗೊತ್ತಾದ ದಿನಕ್ಕೆ ಒಂದು ಮಟ್ಟ ದಾಟುತ್ತದೆಂದು ಎಣಿಸಿ ಕೊಳ್ಳುವ ಕರಾರು) ಕೊಳ್ಳುತ್ತಿದ್ದೇನೆ. ಪೊಸಿಷನ್ (ಕೊಂಡು ಇನ್ನೂ ಮಾರದ ವ್ಯವಹಾರ) ಇರುವಷ್ಟು ಹೊತ್ತು ಫೋನಿನಿಂದ ಕಣ್ಣು ಕೀಳಲಾರೆ. ರೈತರು ಯೂರಿಯಾ ಕೇಳಿದರೆ ಡಿಎಪಿಗೆ ಬಿಲ್ ಬರೆಯುತ್ತೇನೆ. ಸ್ವಲ್ಪ ಲಾಭ ಕಂಡರೆ ಮಾರಿಬಿಡುತ್ತೇನೆ, ನಷ್ಟವಾದರೆ ಇನ್ನಷ್ಟು ಕೊಂಡು ಆ್ಯವರೇಜ್ ಮಾಡುತ್ತೇನೆ, ಅಂದರೆ ಕೊಂಡ ಸರಾಸರಿ ದರ ಇಳಿಸುತ್ತೇನೆ. ಸ್ಟಾಪ್‌ಲಾಸ್ (ಇಷ್ಟಕ್ಕೆ ಇಳಿದರೆ ಮಾರಿಬಿಡಬೇಕೆಂದು ಮೊದಲೇ ಕೊಟ್ಟಿಡುವ ಆದೇಶ) ಹಾಕಿದರೆ ದರ ಅದನ್ನು ಮುಟ್ಟಿಯೇ ಮೇಲೇಳುತ್ತದೆ, ಗಟ್ಟಿ ಮನಸ್ಸಿನಿಂದ ಕಾಯಬೇಕು ಎನ್ನುತ್ತಾರೆ ಗೆಳೆಯರು. ಮನಸ್ಸು ಗಟ್ಟಿಯಾಗಲು ಏನು ಮಾಡಲಿ? ಹೆಸರು ಹಾಕಬೇಡಿ, ಮನೆಯಲ್ಲಿ ಗೊತ್ತಿಲ್ಲ."

ನಿಮ್ಮ ಗೆಳೆಯರ ಮಾತು ಪೂರ್ತಿ ಸುಳ್ಳಲ್ಲ. ಸ್ಟಾಪ್‌ಲಾಸ್ ಮುಟ್ಟಿ ದರ ಹಿಂತಿರುಗುವ ದಿನಗಳು ಇದ್ದೇ ಇವೆ, ಆ ದಿನದ ಸಂಕಟವೂ ನಿಜ. ಆದರೆ ಪೊಸಿಷನ್ ತೆರೆದ ಮೇಲೆ ತೀರ್ಮಾನದ ಕೆಲಸವನ್ನು ಮನಸ್ಸಿಗೆ ಒಪ್ಪಿಸಿದ್ದೇ ತಪ್ಪಾಗಿರುವಾಗ, ಆ ಮನಸ್ಸನ್ನು ಗಟ್ಟಿ ಮಾಡಿಕೊಂಡು ಪ್ರಯೋಜನವೇನು?

ನಾನು ಹುಡುಗನಾಗಿದ್ದಾಗ ರಾಯಚೂರಿನ ಗಂಜ್‌ನಲ್ಲಿ ನಮ್ಮ ದೊಡ್ಡಪ್ಪನವರ ದಲಾಲಿ ಅಂಗಡಿಯಿತ್ತು. ಅವರು ಸ್ವಂತಕ್ಕೂ ಹತ್ತಿ ಕೊಂಡು ಗೋದಾಮಿನಲ್ಲಿ ಇಡುತ್ತಿದ್ದರು. ಕೊಂಡ ದಿನವೇ, ಎಷ್ಟಕ್ಕೆ ಇಳಿದರೆ ಮಾರಬೇಕೆಂಬ ದರವನ್ನು ಕಿರ್ದಿಯಲ್ಲಿ ಬರೆದು ಗುಮಾಸ್ತರಿಗೆ ಹೇಳುತ್ತಿದ್ದರು: "ಈ ದರಕ್ಕ ಬಂದ್ರ ನನ್ನ ಕೇಳಬ್ಯಾಡ, ಮಾರಿಬಿಡು." ಒಮ್ಮೆ ಹಾಗೆ ಮಾರಿದ ಮೂರನೆಯ ದಿನ ಹತ್ತಿ ಏರಿತು. ಅಂಗಡಿಯಲ್ಲಿದ್ದವರೆಲ್ಲ ಗುಮಾಸ್ತರನ್ನು ದೂರುತ್ತಿದ್ದಾಗ ದೊಡ್ಡಪ್ಪನವರು ಆ ಗುಮಾಸ್ತರಿಗೇ ಚಹಾ ತರಿಸಿಕೊಟ್ಟರು.

ಅದು ಹತ್ತಿಯ ಮಾತು. ದರ ಬಿದ್ದರೂ ಗೋದಾಮಿನಲ್ಲಿ ಹತ್ತಿ ಹತ್ತಿಯಾಗಿಯೇ ಉಳಿಯುತ್ತದೆ, ಮುಂದಿನ ತಿಂಗಳು ಗಿರಾಕಿ ಬಂದಾನು. ನೀವು ಕೊಳ್ಳುವ ಆಪ್ಷನ್‌ಗೆ ಆ ಬಾಳಿಕೆಯಿಲ್ಲ. ನಿಫ್ಟಿ ನಿಂತಲ್ಲೇ ನಿಂತರೂ ಎಕ್ಸ್‌ಪೈರಿ (ಅವಧಿ ಮುಗಿಯುವ ದಿನ) ಹತ್ತಿರವಾದಂತೆ ಅದರ ಬೆಲೆ ಕರಗುತ್ತದೆ, ಕೊಳ್ಳುವಾಗ ನೀವು ಆರಿಸಿದ ಮಟ್ಟವನ್ನು ನಿಫ್ಟಿ ದಾಟದಿದ್ದರೆ ಕೊನೆಯ ದಿನ ಸೊನ್ನೆಯಾಗುತ್ತದೆ. ಕರಗುವ ಸರಕನ್ನು ಹಿಡಿದು ಕಾಯುವುದನ್ನು ತಾಳ್ಮೆ ಎಂದು ನಿಮಗೆ ಕಲಿಸಿದವರ ಮೇಲೆ ನನಗೆ ಸಿಟ್ಟಿದೆ.

ನಿಮ್ಮನ್ನು ದುರ್ಬಲರೆಂದು ನಾನು ಹೇಳುತ್ತಿಲ್ಲ. ನಷ್ಟದಲ್ಲಿ ಸಿಕ್ಕಿಬಿದ್ದ ಮನುಷ್ಯ ಅದನ್ನು ಒಪ್ಪಿಕೊಳ್ಳುವ ಬದಲು ಇನ್ನೂ ದೊಡ್ಡ ಅಪಾಯಕ್ಕೆ ಕೈಹಾಕುತ್ತಾನೆಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲೇ ತೋರಿಸಿದ್ದರು. ನಿಮ್ಮ ಆ್ಯವರೇಜ್ ಅದೇ. ಅಮೆರಿಕದ ಹಣಕಾಸು ಪ್ರಾಧ್ಯಾಪಕ ಟೆರನ್ಸ್ ಓಡೀನ್ 1998ರಲ್ಲಿ ಹತ್ತು ಸಾವಿರ ಷೇರು ಖಾತೆಗಳ ಲೆಕ್ಕ ಬಿಡಿಸಿದಾಗ, ಜನ ಲಾಭದ ಷೇರನ್ನು ನಷ್ಟದ ಷೇರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚಾಗಿ ಕೈಬಿಡುತ್ತಿದ್ದರು, ಹಾಗೆ ಮಾರಿದ ಷೇರುಗಳೇ ಮುಂದೆ ಹೆಚ್ಚು ಗಳಿಸಿದವು.

ಇನ್ನು ನಮ್ಮ ದೇಶದ ಲೆಕ್ಕ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ದಿನಾಂಕದ ವ್ಯವಹಾರಕ್ಕೆ ಈಗಲೇ ದರ ಗೊತ್ತುಮಾಡುವ ಕರಾರು) ಮತ್ತು ಆಪ್ಷನ್ ವಹಿವಾಟಿಗೆ ಇಳಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ 93ರಷ್ಟು ಮಂದಿ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಈ ಹಣದಲ್ಲಿ ನಮ್ಮ ಭತ್ತದ ಸೀಮೆಯ ಪಾಲೂ ಇದೆ. ಸಿಂಧನೂರು, ಗಂಗಾವತಿ, ಕಾರಟಗಿಗಳಲ್ಲಿ ಬೆಳೆ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ಟೆಲಿಗ್ರಾಂ ಗುಂಪುಗಳಲ್ಲಿ ಟಿಪ್ ಮಾರುವವರು ಹುಡುಗರನ್ನು ಹುಡುಕಿಕೊಂಡು ಬರುತ್ತಾರೆ. ಆಸೆ ಹುಟ್ಟಿಸುವ ಮಾತೆಲ್ಲ ಅಚ್ಚಗನ್ನಡದಲ್ಲಿ, ಎಚ್ಚರಿಕೆಯ ಸಾಲು ಮಾತ್ರ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ. ಪದವಿ ಮುಗಿಸಿದ ಹುಡುಗನಿಗೆ ಒಂದು ಪುಟ ಕಿರ್ದಿ ಬರೆಯಲು ಬಾರದಂತೆ ಮಾಡಿರುವ ನಮ್ಮ ಶಿಕ್ಷಣವೂ ಇದಕ್ಕೆ ಹೊಣೆ.

ನೀವು ಅಂಗಡಿ ನಡೆಸುವವರು, ಕಿರ್ದಿ ನಿಮಗೆ ಹೊಸದಲ್ಲ. ಗೊಬ್ಬರದ ಒಂದೊಂದು ಚೀಲಕ್ಕೂ ಲೆಕ್ಕ ಇಡುವ ನೀವು ಈ ವ್ಯವಹಾರಕ್ಕೇಕೆ ಪುಸ್ತಕ ಇಟ್ಟಿಲ್ಲ? ಬರೆದರೆ ಮನೆಯವರು ಓದುತ್ತಾರೆಂಬ ಅಂಜಿಕೆಯೇ ಕಾರಣವೆಂದು ನನಗನ್ನಿಸುತ್ತದೆ. ನಿಮ್ಮ ಕೋರಿಕೆಯಂತೆ ಹೆಸರು ಹಾಕಿಲ್ಲ. ನನ್ನದೂ ಒಂದು ಕೋರಿಕೆಯಿದೆ: ಈಗಿರುವ ಪೊಸಿಷನ್ ಮುಚ್ಚಿ, ಎರಡು ವರ್ಷದ ವ್ಯವಹಾರವನ್ನೆಲ್ಲ ನಿಮ್ಮ ಕೈಯಾರೆ ಬರೆದು, ಅಂಗಡಿ ಬಾಗಿಲು ಹಾಕಿದ ಮೇಲೆ ಆ ಪುಸ್ತಕವನ್ನು ಮನೆಯವರ ಮುಂದಿಡಿ. ಮುಂದೆ ಕೊಳ್ಳುವುದೋ ಬೇಡವೋ ಎಂಬ ಮಾತನ್ನು ಅವರೊಡನೆ ಆಡಿ, ಆಮೇಲೆ ನನಗೆ ಬರೆಯಿರಿ.