ಕಪಾಟಿನಲ್ಲೇ ಉಳಿದ ಮಾತ್ರೆ

ಓದುಗರ ಪತ್ರ: ನನಗೆ 43 ವರ್ಷ, ಹೈಸ್ಕೂಲ್ ಟೀಚರ್. ಮೂರು ವರ್ಷದಿಂದ ಮೈಯೆಲ್ಲ ನೋವು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಕಣ್ಣಲ್ಲಿ ನೀರು. ರಾತ್ರಿ ಮೂರು ಗಂಟೆ ನಿದ್ದೆ ಬಂದರೆ ಪುಣ್ಯ. ರಿಪೋರ್ಟೆಲ್ಲ ನಾರ್ಮಲ್. ಕೊನೆಗೆ ಒಬ್ಬ ಡಾಕ್ಟರು ಇದು ಫೈಬ್ರೊಮಯಾಲ್ಜಿಯಾ ಎಂದು ಪ್ರಿಗ್ಯಾಬಲಿನ್ ಬರೆದರು. 'ನರದ ಮಾತ್ರೆ, ಒಮ್ಮೆ ಶುರು ಮಾಡಿದರೆ ಬಿಡೋಕಾಗಲ್ಲ, ಎಣ್ಣೆ ಹಚ್ಚಿಕೋ, ಕಷಾಯ ಕುಡಿ' ಅಂತಾರೆ ಅತ್ತೆ. ಹದಿನೈದು ದಿನದಿಂದ ಮಾತ್ರೆ ಕಪಾಟಿನಲ್ಲೇ ಇದೆ. ಯಾವುದನ್ನು ಆರಿಸಲಿ? ಹೆಸರು ಹಾಕಬೇಡಿ. ಅಂದಹಾಗೆ, ನನ್ನ ತರಗತಿ ಇರುವುದು ಎರಡನೇ ಮಹಡಿಯಲ್ಲಿ. (ಹಾಸನ ಜಿಲ್ಲೆ)

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ. ನಾನು ಡಾಕ್ಟರಲ್ಲ. ನಿಮ್ಮ ಮಾತ್ರೆಯನ್ನು ತಗೊಳ್ಳಿ, ಬಿಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ನಿಮ್ಮ ಪತ್ರ ಓದಿದಾಗ, ನೀವು ಆರಿಸಬೇಕಾದದ್ದು ಮಾತ್ರೆ, ಕಷಾಯಗಳ ನಡುವೆ ಅಲ್ಲ ಅನ್ನಿಸಿತು.

ಮೊದಲು ಆ 'ನಾರ್ಮಲ್' ವಿಷಯ. ರಿಪೋರ್ಟ್ ಸರಿ ಇದೆ ಎಂದರೆ ನೋವು ಸುಳ್ಳು ಎಂದಲ್ಲ. ಮನೆ ಕಾಯುವ ನಾಯಿ ಕಳ್ಳ ಬಂದಾಗ ಬೊಗಳಬೇಕು. ಕೆಲವೊಮ್ಮೆ ಅದು ಎಲೆ ಉದುರಿದರೂ ಬೊಗಳಲು ಶುರು ಮಾಡುತ್ತೆ. ಫೈಬ್ರೊಮಯಾಲ್ಜಿಯಾದಲ್ಲಿ ಮಿದುಳು ಮತ್ತು ಬೆನ್ನುಹುರಿ ಹಾಗೆ ಆಗಿರುತ್ತವೆ. ಸಣ್ಣ ಒತ್ತಡವನ್ನೂ ದೊಡ್ಡ ನೋವು ಎಂದು ಓದಿಕೊಳ್ಳುತ್ತವೆ. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. 1990ರಲ್ಲಿ ಅಮೆರಿಕದ ತಜ್ಞರು ಮೈಮೇಲೆ 18 ಜಾಗ ಗುರುತಿಸಿ, ಒತ್ತಿದಾಗ 11 ಕಡೆ ನೋವಾದರೆ ಈ ಕಾಯಿಲೆ ಎಂದು ನಿಯಮ ಮಾಡಿದ್ದರು. 2010ರಲ್ಲಿ ಆ ಒತ್ತಿ ನೋಡುವ ಲೆಕ್ಕ ಕೈಬಿಟ್ಟರು. ಈಗ ಮೈಯಲ್ಲಿ ಎಲ್ಲೆಲ್ಲಿ ನೋವಿದೆ, ಸುಸ್ತು ಎಷ್ಟು, ನಿದ್ದೆ ಹೇಗಿದೆ, ಮರೆವು ಇದೆಯಾ ಎಂದು ಕೇಳಿ, ಇದೆಲ್ಲ ಮೂರು ತಿಂಗಳಿಂದ ಇದೆಯಾ ಎಂದು ನೋಡುತ್ತಾರೆ.

ಆದರೂ ಒಂದು ಮಾತು. ಥೈರಾಯ್ಡ್, ವಿಟಮಿನ್ ಡಿ, ಬಿ12, ಹಿಮೋಗ್ಲೋಬಿನ್, ಇವುಗಳ ಪರೀಕ್ಷೆ ಆಗಿದೆಯಾ? ಇವು ಕಡಿಮೆಯಾದಾಗಲೂ ಹೀಗೇ ಮೈಕೈ ನೋವು, ಸುಸ್ತು ಕಾಡುತ್ತೆ. ಗಂಟು ಊದಿಕೊಂಡರೆ, ಜ್ವರ ಬಂದರೆ, ಬೆಳಗ್ಗೆ ಗಂಟೆಗಟ್ಟಲೆ ಕೈಕಾಲು ಮಡಚಲು ಆಗದಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ.

ಈಗ ಮಾತ್ರೆ. ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆಗಳು ಉರಿಯೂತಕ್ಕೆ. ನಿಮ್ಮಲ್ಲಿ ಉರಿಯೂತವೇ ಇಲ್ಲದಿದ್ದರೆ ಅವು ಏನು ಮಾಡಬೇಕು? ಹೊಟ್ಟೆ, ಕಿಡ್ನಿ ಕೆಡಿಸಬಹುದು, ಅಷ್ಟೇ. ನಿಮ್ಮ ಡಾಕ್ಟರು ಅದನ್ನು ಬರೆಯದೆ ನರಗಳ ಗದ್ದಲ ತಗ್ಗಿಸುವುದನ್ನು ಬರೆದಿದ್ದಾರೆ, ಆ ಮಟ್ಟಿಗೆ ಅವರು ಕಾಯಿಲೆಯನ್ನು ಅರಿತಿದ್ದಾರೆ. ಅಮೆರಿಕದ ಔಷಧ ಇಲಾಖೆ ಪ್ರಿಗ್ಯಾಬಲಿನ್‌ಗೆ 2007ರಲ್ಲೂ ಡುಲೋಕ್ಸೆಟಿನ್ ಎಂಬ ಇನ್ನೊಂದು ಮಾತ್ರೆಗೆ 2008ರಲ್ಲೂ ಈ ಕಾಯಿಲೆಗಾಗಿ ಒಪ್ಪಿಗೆ ಕೊಟ್ಟಿತು. ಯುರೋಪಿನ ಔಷಧ ಸಂಸ್ಥೆ ಕೊಡಲಿಲ್ಲ. ಇಂಥ ಬಹುಕಾಲದ ನೋವಿಗೆ ಪ್ರಿಗ್ಯಾಬಲಿನ್ ಹೊಸದಾಗಿ ಶುರು ಮಾಡಬೇಡಿ ಎಂದು ಬ್ರಿಟನ್ನಿನ ಮಾರ್ಗಸೂಚಿ 2021ರಲ್ಲಿ ಹೇಳಿತು. ಹಾಗಾಗಿ ಗೊಂದಲ ನಿಮ್ಮೊಬ್ಬರದೇ ಅಲ್ಲ. ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರ ಪ್ರಕಾರ, ಪ್ರಿಗ್ಯಾಬಲಿನ್‌ನಿಂದಾಗಿ ನೋವು ಚೆನ್ನಾಗಿ ಇಳಿಯುವುದು ಹತ್ತರಲ್ಲಿ ಸುಮಾರು ಒಬ್ಬರಿಗೆ. ಆ ಒಬ್ಬರು ನೀವಾಗಿದ್ದರೆ ಅದು ದೊಡ್ಡದೇ. ಆಗಿರದಿದ್ದರೆ ತಲೆಸುತ್ತು, ತೂಕಡಿಕೆ, ಕಾಲು ಊತ, ತೂಕ ಜಾಸ್ತಿ ಆಗುವುದು ಮಾತ್ರ ಉಳಿಯಬಹುದು. ಸ್ಕೂಟರಿನಲ್ಲಿ ಶಾಲೆಗೆ ಹೋಗುವವರಾದರೆ ಮೊದಲ ಕೆಲವು ದಿನ ಓಡಿಸಬೇಡಿ.

ಅತ್ತೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಈ ಮಾತ್ರೆಗಳನ್ನು ಬಿಡಬಹುದು. ಆದರೆ ಇವತ್ತು ತಗೊಂಡು ನಾಳೆ ಸುಮ್ನೆ ನಿಲ್ಲಿಸುವ ಹಾಗಿಲ್ಲ, ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಇನ್ನು ಎಣ್ಣೆ, ಕಷಾಯಕ್ಕೆ ಜನ ಕೊಡುವ 'ನೈಸರ್ಗಿಕ' ಎಂಬ ಹೆಸರು. ಈ ಪದ ನನಗೆ ಅಷ್ಟಾಗಿ ಇಷ್ಟವಿಲ್ಲ. ಹೊಗೆಸೊಪ್ಪೂ ನೈಸರ್ಗಿಕವೇ ಅಲ್ವಾ? ನನ್ನ ದೊಡ್ಡಮ್ಮ ಮಂಡಿ ನೋವಿಗೆ ಯಾರೋ ಕೊಟ್ಟ ಚೀಟಿಯಿಲ್ಲದ 'ನಾಟಿ ಪುಡಿ' ತಿಂದರು. ಒಂದೇ ವಾರದಲ್ಲಿ ಓಡಾಡತೊಡಗಿದರು. ನಾವೆಲ್ಲ ಕೈ ಮುಗಿದೆವು. ನಾಲ್ಕು ತಿಂಗಳಿಗೆ ಮುಖ ಊದಿತು, ಸಕ್ಕರೆ ಏರಿತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕು ಎಂದರು ಡಾಕ್ಟರು. ಹೆಸರು, ಕಂಪನಿ, ಬ್ಯಾಚ್ ನಂಬರ್ ಇಲ್ಲದ ಯಾವ ಪುಡಿ, ಗುಳಿಗೆಯನ್ನೂ ಮನೆಗೆ ತರಬೇಡಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿದ ಕೆಲವರಿಗೆ ಲಿವರ್ ಕೆಟ್ಟದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ದಾಖಲಿಸಿದ್ದಾರೆ. ಅಶ್ವಗಂಧದಿಂದಲೂ ಅಂಥ ತೊಂದರೆ ಆದದ್ದುಂಟು. ಜೀರಿಗೆ ಶುಂಠಿ ಕಷಾಯ ಬೇರೆ ಮಾತು, ಅದನ್ನು ಧಾರಾಳವಾಗಿ ಕುಡಿಯಿರಿ.

ಅತ್ತೆಯವರ ಎಣ್ಣೆಗೆ ನಾನು ಅಡ್ಡಿ ಹೇಳುವುದಿಲ್ಲ. ಬೆಚ್ಚಗಿನ ಎಣ್ಣೆ ಮೆಲ್ಲಗೆ ನೀವಿಸಿಕೊಂಡು ಬಿಸಿನೀರು ಹುಯ್ದುಕೊಂಡರೆ ಸ್ನಾಯು ಸಡಿಲವಾಗುತ್ತೆ, ಮೈ ಹಗುರ ಅನ್ನಿಸುತ್ತೆ. ಕಾಯಿಲೆ ಹೋಗುವುದಿಲ್ಲ, ಆ ರಾತ್ರಿ ಸುಲಭವಾಗಬಹುದು. ಜೋರಾಗಿ ತಿಕ್ಕಿಸಿಕೊಳ್ಳಬೇಡಿ, ಮರುದಿನ ನೋವು ದುಪ್ಪಟ್ಟಾಗುತ್ತೆ.

ನಿಜವಾಗಿ ಎಲ್ಲಕ್ಕಿಂತ ಬಲವಾದ ಆಧಾರ ಇರುವುದು ನಡೆದಾಟಕ್ಕೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ಈ ಕಾಯಿಲೆಯ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿತು. 'ಖಂಡಿತ ಮಾಡಿ' ಎಂದು ಒತ್ತಿ ಹೇಳಿದ್ದು ಒಂದನ್ನೇ, ವ್ಯಾಯಾಮ. ಮಾತ್ರೆಗಳಿಗೆ ಸಿಕ್ಕಿದ್ದು 'ನೋಡಬಹುದು' ಅನ್ನುವಷ್ಟೇ ಬೆಂಬಲ. ಈ ಮಾತು ಹೇಳಿದರೆ ನೋವಿರುವವರಿಗೆ ಸಿಟ್ಟು ಬರುತ್ತೆ, ಬರಬೇಕಾದ್ದೇ. ಕೈ ಎತ್ತಲಾಗದವರಿಗೆ ವಾಕಿಂಗ್ ಹೋಗಿ ಅಂದರೆ? ಅದಕ್ಕೇ ಶುರು ಬಹಳ ಸಣ್ಣದಾಗಿರಬೇಕು. ದಿನಾ ಐದು ನಿಮಿಷ, ಅಷ್ಟೇ. ಅದು ಒಗ್ಗಿದ ಮೇಲೆ ಏಳು ನಿಮಿಷ. ಯೋಗ ಮಾಡುವುದಾದರೂ ಕುರ್ಚಿಯಲ್ಲಿ ಕುಳಿತು ಮಾಡುವಂಥದ್ದು ಸಾಕು.

ತಪ್ಪುವುದು ಎಲ್ಲಿ ಗೊತ್ತಾ? ಒಳ್ಳೆಯ ದಿನ ಬಂದಾಗ. 'ಇವತ್ತು ಪರವಾಗಿಲ್ಲ' ಎಂದು ಹಬ್ಬದ ಕ್ಲೀನಿಂಗು, ಹೋಳಿಗೆ, ಬಟ್ಟೆ ಎಲ್ಲ ಒಂದೇ ದಿನಕ್ಕೆ ಮುಗಿಸಿ ಆಮೇಲೆ ಮೂರು ದಿನ ಹಾಸಿಗೆ ಹಿಡಿಯುವುದು. ಒಳ್ಳೆಯ ದಿನವೂ ಐದು ನಿಮಿಷವೇ ನಡೆಯಿರಿ. ಕೆಟ್ಟ ದಿನ ಎರಡಾದರೂ ನಡೆಯಿರಿ. ಆ ನಾಯಿಗೆ ದಿನಾ ಅದೇ ಹೊತ್ತಿಗೆ ಅದೇ ಸಣ್ಣ ಸದ್ದು ಕೇಳಿಸಿ, ಬೊಗಳಬೇಕಿಲ್ಲ ಎಂದು ಕಲಿಸುವ ಕೆಲಸ ಇದು.

ಹಾಗಾದರೆ ಕಪಾಟಿನಲ್ಲಿರುವುದನ್ನು ಏನು ಮಾಡುವುದು? ನಿದ್ದೆ ಬರುತ್ತಿದ್ದು, ನಡೆಯಲು ಆಗುತ್ತಿದ್ದರೆ, 'ಮೂರು ತಿಂಗಳು ಮಾತ್ರೆ ಇಲ್ಲದೆ ನೋಡಲಾ?' ಎಂದು ಡಾಕ್ಟರನ್ನೇ ಕೇಳಿ ಅನ್ನುತ್ತಿದ್ದೆ. ಆದರೆ ನಿಮಗೆ ನಿದ್ದೆ ಬರುವುದೇ ಮೂರು ಗಂಟೆ ಹೊತ್ತು. ಆಳವಾದ ನಿದ್ದೆ ಕೆಡಿಸಿದರೆ ಆರೋಗ್ಯವಂತರಿಗೂ ಮೈಕೈ ನೋವು ಬರುವುದನ್ನು 1975ರಷ್ಟು ಹಿಂದೆಯೇ ಪ್ರಯೋಗದಲ್ಲಿ ಕಂಡಿದ್ದಾರೆ. ನಿದ್ದೆ ಇಲ್ಲದೆ ಐದು ನಿಮಿಷವೂ ಬೆಟ್ಟವೇ. ಮೊದಲು ನಿದ್ದೆ ಬರಿಸುವ ದಾರಿ ಬೇಕು, ಅದಕ್ಕೆ ಮಾತ್ರೆಯ ನೆರವು ಪಡೆದರೆ ಸೋತಂತಲ್ಲ. ಡಾಕ್ಟರ ಹತ್ತಿರ ಹೋಗಿ ಇದನ್ನೇ ಹೇಳಿ. ನನ್ನ ನಿದ್ದೆಗೆ ಇದೇ ಸರಿಯಾ? ರಾತ್ರಿ ಮಾತ್ರ ಕಡಿಮೆ ಪ್ರಮಾಣದಲ್ಲಿ ಕೊಡುವ ಅಮಿಟ್ರಿಪ್ಟಿಲಿನ್ ನನಗೆ ಆಗುತ್ತಾ? ಎಷ್ಟು ವಾರ ನೋಡೋಣ, ಗುಣ ಕಾಣದಿದ್ದರೆ ಹೇಗೆ ಇಳಿಸೋಣ? ಅಮಿಟ್ರಿಪ್ಟಿಲಿನ್ ಹಳೆಯ ಖಿನ್ನತೆಯ ಮಾತ್ರೆ. ಬರೆದುಕೊಟ್ಟರೆ 'ನನ್ನನ್ನು ಹುಚ್ಚಿ ಅಂದುಕೊಂಡರಾ' ಎಂದು ನೊಂದುಕೊಳ್ಳಬೇಡಿ, ನೋವಿಗೆ ಕೊಡುವ ಪ್ರಮಾಣವೇ ಬೇರೆ. ಕುಡಿಯುವ ಕಷಾಯ, ಲೇಹ್ಯವನ್ನೂ ಮುಚ್ಚಿಡದೆ ಹೇಳಿ.

ಎಲ್ಲವನ್ನೂ ಒಂದೇ ವಾರ ಶುರು ಮಾಡಬೇಡಿ, ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದಲ್ಲಿ ಎರಡೇ ಅಂಕಿ ಬರೆಯಿರಿ. ಎಷ್ಟು ಗಂಟೆ ನಿದ್ದೆ, ಎಷ್ಟು ನಿಮಿಷ ನಡಿಗೆ. ನೋವಿಗೆ ಅಂಕ ಹಾಕುತ್ತಾ ಕೂರಬೇಡಿ, ದಿನವೆಲ್ಲ ಅದೇ ಧ್ಯಾನವಾಗುತ್ತೆ.

ಇನ್ನೊಂದು. ನಿಮ್ಮ ತರಗತಿ ಎರಡನೇ ಮಹಡಿಯಲ್ಲಿ ಎಂದು ಪತ್ರದ ಕೊನೆಯಲ್ಲಿ ಸಣ್ಣಗೆ ಬರೆದಿದ್ದೀರಿ. ಡಾಕ್ಟರ ಚೀಟಿ ಜೊತೆಗಿಟ್ಟು ಹೆಡ್‌ಮಾಸ್ಟರಿಗೆ ಅರ್ಜಿ ಕೊಡಿ, ಕೆಳಗಿನ ಕೋಣೆ ಮತ್ತು ಒಂದು ಎತ್ತರದ ಕುರ್ಚಿ ಕೇಳಿ. ಬೋರ್ಡಿನ ಮೇಲೆ ಬರೆಯಲು ಮಕ್ಕಳನ್ನೇ ಸರದಿಯಲ್ಲಿ ಕರೆಯಿರಿ. ಒಂಬತ್ತನೇ ಕ್ಲಾಸಿನವರು ಸೀಮೆಸುಣ್ಣಕ್ಕೆ ಕಿತ್ತಾಡುತ್ತಾರೆ, ನೋಡಿ.