ಸ್ವಂತ ವಾಹನವಿಲ್ಲದೆ ಫೋಂಡಾದಲ್ಲಿ ಬದುಕಬಹುದೇ?

ಗೋವಾದ ಕುಂಡೈ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಸಿಕ್ಕಿದೆ, ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು ಫೋಂಡಾದಲ್ಲಿ ಮನೆ ಮಾಡಬೇಕೆಂದಿದ್ದೇನೆ, ಸ್ಕೂಟರ್ ಓಡಿಸಲು ಬರುವುದಿಲ್ಲ, ಓಡಾಟಕ್ಕೂ ಸಂಜೆಯ ಹೊತ್ತು ಕಳೆಯುವುದಕ್ಕೂ ಅನುಕೂಲವಿದೆಯೇ ಎಂದು ಕೇಳಿದ್ದೀರಿ. ಹಲವು ವರ್ಷಗಳಿಂದ ಈ ಊರಿನಲ್ಲಿರುವ ನಾನು ಹೇಳುವುದಾದರೆ, ಹಗಲಿನಲ್ಲಿ ತೊಂದರೆಯಿಲ್ಲ. ರಾತ್ರಿ ಎಂಟು ಗಂಟೆ ಸಮೀಪಿಸಿತೆಂದರೆ ತೊಂದರೆ ಶುರುವಾಗುತ್ತದೆ.

ಗೋವಾ ಸರ್ಕಾರದ ಕದಂಬ ಸಾರಿಗೆ ನಿಗಮ 1980ರಲ್ಲಿಯೇ ಆರಂಭವಾಗಿದ್ದರೂ ಹಳ್ಳಿಗಳ ಕಡೆಗಿನ ಓಡಾಟ ಬಹುಪಾಲು ಖಾಸಗಿ ಬಸ್ಸುಗಳ ಕೈಯಲ್ಲಿದೆ. ಶಾಲೆ, ಕಚೇರಿಗಳ ವೇಳೆಗೆ ಒಂದರ ಹಿಂದೊಂದು ಬರುವ ಈ ಬಸ್ಸುಗಳು ಮಧ್ಯಾಹ್ನ ವಿರಳವಾಗುತ್ತವೆ, ಭಾನುವಾರ ಇನ್ನೂ ವಿರಳ, ಕತ್ತಲಾದ ಮೇಲೆ ಒಳಹಳ್ಳಿಗಳಿಗಂತೂ ಇಲ್ಲವೇ ಇಲ್ಲ ಎನ್ನಬೇಕು. ಇದಕ್ಕೆ ಬಸ್ಸಿನವರನ್ನು ಬೈಯುವವರು ಬಹಳ ಮಂದಿ ಇದ್ದಾರೆ, ನಾನು ಬೈಯಲಾರೆ. ಅಂದಂದಿನ ಕಲೆಕ್ಷನ್ ನಂಬಿ ಬಸ್ಸು ಓಡಿಸುವವರಿಗೆ ಐದಾರು ಜನರನ್ನು ಕೂರಿಸಿಕೊಂಡು ಕೊನೆಯ ಟ್ರಿಪ್ ಹೊಡೆದರೆ ಡೀಸೆಲ್ಲಿನ ದುಡ್ಡೂ ಹುಟ್ಟುವುದಿಲ್ಲ. ಬಸ್ಸಿಲ್ಲವೆಂದು ಜನ ಸ್ಕೂಟರ್ ಕೊಳ್ಳುತ್ತಾರೆ, ಕೊಂಡವರು ಹಗಲಿನ ಬಸ್ಸನ್ನೂ ಬಿಡುತ್ತಾರೆ, ಆಗ ಇನ್ನೊಂದು ಟ್ರಿಪ್ ನಿಲ್ಲುತ್ತದೆ. 2011ರ ಜನಗಣತಿಯಲ್ಲಿ 14.58 ಲಕ್ಷ ಜನರಿದ್ದ ಈ ರಾಜ್ಯದಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಜನಸಂಖ್ಯೆಯ ಹತ್ತಿರಕ್ಕೆ ಬಂದು ನಿಂತಿರುವುದಕ್ಕೆ ಇದೂ ಒಂದು ಕಾರಣ. ನಷ್ಟದ ಟ್ರಿಪ್ಪಿನ ಹೊರೆಯನ್ನು ಸರ್ಕಾರ ಹೊರದೆ ಈ ಸುತ್ತು ಮುರಿಯುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ಮುಂದಿನ ಮಡ್‌ಗಾರ್ಡಿಗೆ ಹಳದಿ ಬಣ್ಣ ಬಳಿದ ಮೋಟಾರ್ ಸೈಕಲ್ಲುಗಳನ್ನು ಬಾಡಿಗೆಗೆ ಓಡಿಸುವವರನ್ನು ಇಲ್ಲಿ ಪೈಲಟ್ ಎನ್ನುತ್ತಾರೆ. ನಿಮಗೆ ಅವರಿಂದ ಅನುಕೂಲವಾದೀತು, ಆದರೆ ಮಂಡಿನೋವಿನ ತಾಯಿಯನ್ನು ಅದರ ಹಿಂದೆ ಕೂರಿಸುವಂತಿಲ್ಲ. ರೈಲು ಹಿಡಿಯಲು ಮಡಗಾಂವಿಗೋ ಕರಮಳಿಗೋ ಹೋಗಬೇಕು. ಬೆಳಗಾವಿ, ಹುಬ್ಬಳ್ಳಿಯ ಬಸ್ಸುಗಳು ಫೋಂಡಾ ಮೇಲೆಯೇ ಹಾದುಹೋಗುವುದರಿಂದ ಕೆಲವು ರಾತ್ರಿ ಪಕ್ಕದ ಹಳ್ಳಿಗೆ ಹೋಗುವುದಕ್ಕಿಂತ ಘಟ್ಟ ಹತ್ತುವುದೇ ಸುಲಭವೆನಿಸುತ್ತದೆ.

ಇನ್ನು ಸಂಜೆಯ ಮಾತು. ಊರಿನಲ್ಲಿ ರಾಜೀವ್ ಗಾಂಧಿ ಕಲಾಮಂದಿರವಿದೆ, ಅಲ್ಲಿ ನಾಟಕ, ಸಂಗೀತ ಕಾರ್ಯಕ್ರಮಗಳು ನಡೆಯುತ್ತವೆ, ಆದರೆ ಅವು ಮುಗಿಯುವ ಹೊತ್ತಿಗೆ ಬಸ್ಸು ನಿಂತಿರುತ್ತದೆಯಾದ್ದರಿಂದ ಸ್ವಂತ ವಾಹನವಿದ್ದವರೇ ಹೆಚ್ಚಾಗಿ ಪ್ರೇಕ್ಷಕರು. ಬೊಂಡ್ಲಾ ಅಭಯಾರಣ್ಯ ಇದೇ ತಾಲೂಕಿನ ಅಂಚಿನಲ್ಲಿದ್ದರೂ ಬಸ್ಸನ್ನು ನಂಬಿ ಹೋಗುವವರು ಕಡಿಮೆ. ಕಾಸು ಬಿಚ್ಚದೆ ತಾಸೆರಡು ತಾಸು ಕೂರಲು ಹದಿಹರೆಯದವರಿಗೆ ಜಾಗವೇ ಇಲ್ಲವೆಂಬ ದೂರು ಮಾತ್ರ ನಿಜ.

ನಿಮ್ಮ ಹಿರಿಯರಿಗೆ ಆ ಕೊರತೆ ಅಷ್ಟಾಗಿ ಕಾಡಲಿಕ್ಕಿಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಮ್ಮ ವಶದಲ್ಲಿದ್ದ ಸಾಷ್ಟಿ, ತಿಸ್ವಾಡಿ ಕಡೆಯ ದೇವಾಲಯಗಳನ್ನು ಕೆಡವಿದಾಗ ಅಲ್ಲಿನ ದೇವರುಗಳನ್ನು ಆಗ ಬಿಜಾಪುರದ ಆದಿಲಶಾಹಿಗೆ ಸೇರಿದ್ದ ಈ ಸೀಮೆಗೆ ತಂದರು. ಸೀಮೆ ಪೋರ್ಚುಗೀಸರ ವಶವಾದದ್ದು 1763ರಲ್ಲಿ. ಹೀಗಾಗಿ ಮಂಗೇಶಿ, ಮ್ಹಾರ್ದೋಳ, ಕವಳೆ, ರಾಮನಾಥಿಯ ದೇವಾಲಯಗಳು ಕೆಲವೇ ಕಿಲೋಮೀಟರ್ ಅಂತರದಲ್ಲಿವೆ, ಅವುಗಳ ವಿಶಾಲ ಅಂಗಳಗಳಲ್ಲಿ ಯಾರೂ ಏಳಿ ಎನ್ನುವುದಿಲ್ಲ. ಹಿಂದೆ ಜಾತ್ರೆಯ ನಾಟಕ ಬೆಳಗಿನ ಜಾವದವರೆಗೆ ನಡೆಯುತ್ತಿದ್ದುದರಿಂದ ನೋಡಿ ಎದ್ದವರಿಗೆ ದಿನದ ಮೊದಲ ಬಸ್ಸು ಸಿಗುತ್ತಿತ್ತು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬಳಸದಂತೆ 2000ದಲ್ಲಿ ನಿಯಮ ಬಂದ ಮೇಲೆ ಹಲವೆಡೆ ನಾಟಕ ಬೇಗ ಮುಗಿಯುತ್ತದೆ, ಅದೂ ಕೊನೆಯ ಬಸ್ಸು ಹೋದ ಮೇಲೆ ಮತ್ತು ಮೊದಲ ಬಸ್ಸಿಗೆ ಬಹಳ ಮುಂಚೆ!

ಬಾಡಿಗೆ ತುಸು ಹೆಚ್ಚಾದರೂ ಬಸ್ ನಿಲ್ದಾಣದಿಂದ ನಡೆದು ಮುಟ್ಟುವಷ್ಟು ದೂರದಲ್ಲಿಯೇ ಮನೆ ಹಿಡಿಯಿರಿ. ಕುಂಡೈ ಪಣಜಿಯ ದಾರಿಯಲ್ಲಿರುವುದರಿಂದ ಹಗಲು ಪಾಳಿಗೆ ಚಿಂತೆಯಿಲ್ಲ. ಎರಡನೆಯ ಪಾಳಿ ಬೀಳುವುದಾದರೆ ಕಂಪನಿಯ ಬಸ್ಸು ಫೋಂಡಾದವರೆಗೆ ಬಿಡುತ್ತದೆಯೇ, ಅಥವಾ ವಸಾಹತಿನ ಗೇಟಿನಲ್ಲೇ ಇಳಿಸುತ್ತದೆಯೇ ಎಂಬುದನ್ನು ಮನೆಗೆ ಮುಂಗಡ ಕೊಡುವ ಮೊದಲೇ ಕೇಳಿ ತಿಳಿದುಕೊಳ್ಳಿ.